ರೂಮಿನಲ್ಲಿ ಒಲೆ ಹೊತ್ತಿಸಿ, ಊಟ ಬಿಡಬೇಡಿ

ಪ್ರಶ್ನೆ: ನಾನು ರೋಣ ತಾಲ್ಲೂಕಿನ ಹಳ್ಳಿಯೊಂದರ ರೈತ ಕುಟುಂಬದವನು. ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಹಾಸ್ಟೆಲ್ ಸಿಗದ ಕಾರಣ ಸಪ್ತಾಪುರದಲ್ಲಿ ಇಬ್ಬರು ಗೆಳೆಯರ ಜೊತೆ ರೂಮು ಮಾಡಿದ್ದೇನೆ. ಈ ವರ್ಷ ಮಳೆ ಕೈಕೊಟ್ಟಿದ್ದರಿಂದ ಅಪ್ಪನ ಬಳಿ ಹಣ ಕೇಳಲು ಮನಸ್ಸಾಗುತ್ತಿಲ್ಲ. ಖಾನಾವಳಿ ಬಿಟ್ಟು, ಬೆಳಿಗ್ಗೆ ಚಹಾ ಬಿಸ್ಕೀಟು, ರಾತ್ರಿ ಒಂದು ಊಟ ಎಂದು ದಿನ ತಳ್ಳುತ್ತಿದ್ದೇನೆ. ಇತ್ತೀಚೆಗೆ ಓದಲು ಕುಳಿತರೆ ತಲೆ ಸುತ್ತುತ್ತದೆ. ಯಾರಿಗೂ ಭಾರವಾಗದೆ, ಕಡಿಮೆ ಖರ್ಚಿನಲ್ಲಿ ಓದು ಮುಗಿಸುವುದು ಹೇಗೆ?
– ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ಸಂಕಟವಾಯಿತು. ಇವತ್ತಿನಿಂದಲೇ ಮಧ್ಯಾಹ್ನದ ಊಟ ಶುರುಮಾಡಿ, ಉಳಿದ ಮಾತು ಆಮೇಲೆ. ಅಪ್ಪನ ಮೇಲಿನ ಅಕ್ಕರೆಯಿಂದಲೇ ನೀವು ಹಸಿದಿರುತ್ತಿದ್ದೀರಿ ಎಂಬುದು ಅರ್ಥವಾಗುತ್ತದೆ. ಆದರೆ ಮಗ ಉಪವಾಸವಿದ್ದು ಓದುತ್ತಿದ್ದಾನೆಂದು ತಿಳಿದರೆ ಅವರಿಗೆ ಮಳೆ ಹೋದುದಕ್ಕಿಂತ ಹೆಚ್ಚಿನ ನೋವಾಗುತ್ತದೆ. ಸರಿಯಾಗಿ ಉಣ್ಣಲು ತೊಡಗಿದ ಮೇಲೂ ತಲೆಸುತ್ತು ನಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಖಾನಾವಳಿ ಬಿಟ್ಟದ್ದು ತಪ್ಪಲ್ಲ, ಅದರ ಜಾಗದಲ್ಲಿ ಒಲೆ ಹೊತ್ತಿಸದೆ ಇದ್ದದ್ದೇ ತೊಂದರೆಯಾಗಿದೆ. ಮೂವರು ಕೂಡಿ ಇರುವವರಿಗೆ ಒಂದು ಸಣ್ಣ ಕುಕ್ಕರ್, ಒಂದು ಹಂಚು, ಒಂದು ಚಾಕು ಮತ್ತು ಮೂರು ತಟ್ಟೆ ಸಾಕು. ಮೊದಲು ಮನೆ ಮಾಲೀಕರನ್ನು ಕೇಳಿ, ಅಡುಗೆಗೆ ಒಪ್ಪಿಗೆ ಪಡೆಯಿರಿ. ಗ್ಯಾಸ್ ಸಂಪರ್ಕಕ್ಕೆ ವಿಳಾಸದ ದಾಖಲೆ ಇಲ್ಲದೆ ಪೇಚಾಡುವ ವಿದ್ಯಾರ್ಥಿಗಳಿಗೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಇದೆ. ಗುರುತಿನ ಚೀಟಿಯೊಂದನ್ನು ತೋರಿಸಿದರೆ ಗ್ಯಾಸ್ ಏಜೆನ್ಸಿಯಲ್ಲಿ ಅದು ಸಿಗುತ್ತದೆ. ಕಿಟಕಿ ತೆರೆದಿಟ್ಟು ಅಡುಗೆ ಮಾಡಿ, ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಿ. ರೂಮಿಗೆ ಪ್ರತ್ಯೇಕ ಮೀಟರ್ ಇದ್ದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಆದರೆ ಅಲ್ಲಿ ಉಚಿತದ ಮಿತಿ ಆ ಮೀಟರಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದರೆ 10 ಯೂನಿಟ್) ಮಾತ್ರ; ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಆದ್ದರಿಂದ ಕರೆಂಟ್ ಒಲೆ ಕೊಳ್ಳುವ ಮೊದಲು ಹಿಂದಿನ ಬಿಲ್ಲುಗಳನ್ನು ನೋಡಿ ಲೆಕ್ಕ ಹಾಕಿಕೊಳ್ಳಿ.

ಇನ್ನು ಉಣ್ಣುವ ವಿಷಯ. ನಿಮ್ಮ ಭಾಗದ ಹುಡುಗರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ ಎಂದೇ ನಾನು ತಿಳಿದಿದ್ದೇನೆ. ಧಾರವಾಡದ ಬಸ್ ನಿಲ್ದಾಣದಲ್ಲಿ, ಹಳ್ಳಿಯ ಬಸ್ಸು ಬಂದು ನಿಲ್ಲುವುದನ್ನೇ ಕಾಯುತ್ತ, ಕಂಡಕ್ಟರ್ ಕೈಯಿಂದ ಬುತ್ತಿಗಂಟು ಪಡೆದು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋಗುವ ವಿದ್ಯಾರ್ಥಿಗಳು ಈ ಊರಿಗೆ ಹೊಸಬರಲ್ಲ. ಎಷ್ಟೋ ಮೇಷ್ಟ್ರು, ವಕೀಲರು, ಅಧಿಕಾರಿಗಳು ಹಾಗೆ ಬಂದ ರೊಟ್ಟಿ ತಿಂದೇ ಓದಿದವರು. ಮನೆಯಿಂದ ಹಣ ಕೇಳಲು ಸಂಕೋಚವಿದ್ದರೆ ರೊಟ್ಟಿ ಕೇಳಿ. ಚೆನ್ನಾಗಿ ಒಣಗಿಸಿದ ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಮೆತ್ತಗಾದರೆ ಹಂಚಿನ ಮೇಲೆ ಬಿಸಿ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಬರಲಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ನೀವು ಬೆಳಿಗ್ಗೆ ತಿನ್ನುವ ಬಿಸ್ಕೀಟಿನ ಹಣಕ್ಕೆ ಒಂದು ಹಿಡಿ ಹುರಿದ ಶೇಂಗಾ ಮತ್ತು ಒಂದು ಚೂರು ಬೆಲ್ಲ ಬರುತ್ತದೆ, ಹಸಿವೂ ಬಹಳ ಹೊತ್ತು ಬಾಧಿಸುವುದಿಲ್ಲ.

ರೊಟ್ಟಿಯೊಂದೇ ಸಾಲದು. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಬೇಳೆಕಾಳುಗಳಲ್ಲಿ ಧಾರಾಳವಾಗಿದೆ. ರೊಟ್ಟಿಗೆ ಕಾಳುಪಲ್ಲೆ ಜೋಡಿಸಿದ ನಮ್ಮ ಹಿರಿಯರ ಊಟ ಈ ದೃಷ್ಟಿಯಿಂದಲೂ ಪೂರ್ಣವಾದದ್ದು. ರಾತ್ರಿ ಹೆಸರುಕಾಳನ್ನೋ ಮಡಿಕೆಕಾಳನ್ನೋ ನೆನೆಹಾಕಿ, ಮರುದಿನ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಅದರ ಮರುದಿನಕ್ಕೆ ಮೊಳಕೆ ಒಡೆದಿರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಳು ಬಾಡಿಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ನಿಂಬೆಯ ಹುಳಿ ಇದ್ದರೆ ಕಾಳಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ ಕುಕ್ಕರಿಗೆ ಹಾಕಿ, ಸೀಟಿ ಬಂದ ಮೇಲೆ ಒಲೆ ಆರಿಸಿ ಒಳಗಿನ ಹಬೆಗೇ ಬೇಯಲು ಬಿಟ್ಟರೆ ಗ್ಯಾಸ್ ಹೆಚ್ಚು ದಿನ ಬರುತ್ತದೆ. ಕಾಯಿಪಲ್ಲೆಯನ್ನು ಸಂಜೆ ಸಂತೆ ಮುಗಿಯುವ ಹೊತ್ತಿಗೆ ತನ್ನಿ, ಮೆಂತ್ಯೆ, ರಾಜಗಿರಿ, ಪುಂಡಿಪಲ್ಲೆ ಅಗ್ಗವಾಗಿ ಸಿಗುತ್ತವೆ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು ತಿನ್ನಿ, ಆ ಖರ್ಚಿಗೆ ಹಿಂಜರಿಯಬೇಡಿ. ಮೂವರಲ್ಲಿ ಅಡುಗೆ, ಪಾತ್ರೆ, ಸಂತೆ ಯಾರ ಪಾಲಿಗೆ ಯಾವ ದಿನ ಎಂಬುದನ್ನು ಬರೆದು ಗೋಡೆಗೆ ಅಂಟಿಸಿ. ಕೂಡಿ ಬಾಳುವ ರೂಮುಗಳು ಹಣಕ್ಕಿಂತ ಪಾತ್ರೆ ತೊಳೆಯುವ ಜಗಳದಿಂದಲೇ ಹೆಚ್ಚು ಒಡೆಯುತ್ತವೆ.

ಮನೆಯ ಬಿಪಿಎಲ್ ಚೀಟಿಯಲ್ಲಿ ನಿಮ್ಮ ಹೆಸರಿದ್ದರೆ ಧಾರವಾಡದ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡಿತರ ಪಡೆಯಲು ಅವಕಾಶವಿದೆ. ಮನೆಯವರೊಂದಿಗೆ ಮಾತಾಡಿಕೊಂಡೇ ಇದನ್ನು ಮಾಡಿ.

ಯಾರಿಗೂ ಭಾರವಾಗಬಾರದು ಎಂಬ ನಿಮ್ಮ ಮಾತಿಗೆ ಒಂದು ತಿದ್ದುಪಡಿ ಹೇಳಬೇಕಾಗಿದೆ. ಸರ್ಕಾರ ನಿಮಗಾಗಿ ಇಟ್ಟದ್ದನ್ನು ಪಡೆಯುವುದು ಭಾರವಾಗುವುದಲ್ಲ, ಅದು ನಿಮ್ಮ ಹಕ್ಕು. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000 ರೂಪಾಯಿ, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಯ ಸಹಾಯವಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆ ನಿಮ್ಮಂಥವರಿಗೆಂದೇ ಬಂದದ್ದು. ಈಗಿನ ಮೊತ್ತ ಮತ್ತು ಅರ್ಹತೆಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಡಿ, ಕೊನೆಯ ದಿನಕ್ಕೆ ಕಾಯದೆ ಅರ್ಜಿ ಹಾಕಿ. ಮಂಜೂರಾದ ಹಣ ಕೈಸೇರದಿರಲು ಬಹುಸಲ ಕಾರಣ ಬ್ಯಾಂಕ್ ಖಾತೆ. ಆಧಾರ್‌ಗೆ ಜೋಡಣೆಯಾದ ಖಾತೆಗೇ ಹಣ ಜಮೆಯಾಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ತೆರೆದು ಮರೆತ ಹಳೆಯ ಖಾತೆ ಜೋಡಣೆಯಲ್ಲೇ ಉಳಿದಿದ್ದರೆ ನೀವು ಹೊಸ ಖಾತೆಯಲ್ಲಿ ಹುಡುಕುತ್ತಲೇ ಇರಬೇಕಾಗುತ್ತದೆ. ಬ್ಯಾಂಕಿಗೆ ಹೋಗಿ ವಿಚಾರಿಸಿ, ಸರಿಪಡಿಸಿಕೊಳ್ಳಿ. ಮುಂದಿನ ವರ್ಷಕ್ಕೆ ಹಾಸ್ಟೆಲ್ ಅರ್ಜಿಯನ್ನೂ ಬಿಡಬೇಡಿ. ಧಾರವಾಡದ ಮುರುಘಾಮಠ ನಡೆಸುವ ವಿದ್ಯಾರ್ಥಿಗಳ ಪ್ರಸಾದನಿಲಯದಲ್ಲೂ ವಿಚಾರಿಸಿ.

ಪ್ರಶ್ನೆ: ನಾನೂ ಧಾರವಾಡದಲ್ಲೇ ಓದುತ್ತಿರುವ ಹುಡುಗಿ. ಖರ್ಚಿಗೆಂದು ಸಂಜೆ ಕೆಲಸಕ್ಕೆ ಸೇರಬೇಕೆಂದಿದ್ದೇನೆ. ಗೆಳತಿಯೊಬ್ಬಳು ಮೊಬೈಲ್ ಆ್ಯಪ್‌ನಲ್ಲಿ ಸಾಲ ಪಡೆದು ತಿಂಗಳು ಸಾಗಿಸುತ್ತಿದ್ದಾಳೆ, ನನಗೂ ಹಾಗೆಯೇ ಮಾಡು ಎನ್ನುತ್ತಾಳೆ.
– ವಿದ್ಯಾರ್ಥಿನಿ

ಉತ್ತರ: ಸಾಲದ ಆ್ಯಪ್ ಬೇಡವೇ ಬೇಡ. ಅಂಥ ಕೆಲವು ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳನ್ನೂ ಫೋಟೊಗಳನ್ನೂ ತೆಗೆದುಕೊಂಡು, ಕಂತು ತಪ್ಪಿದಾಗ ಬಂಧುಬಳಗದವರಿಗೆಲ್ಲ ಕರೆ ಮಾಡಿ ಮಾನ ಕಳೆಯುತ್ತವೆ. ಗೆಳತಿಗೆ ಈಗಾಗಲೇ ಬೆದರಿಕೆ ಬಂದಿದ್ದರೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ಕೊಡಲು ಹೇಳಿ, ಮನೆಯವರಿಗೂ ತಿಳಿಸಲಿ.

ಕೆಲಸದ ವಿಚಾರಕ್ಕೆ ಬಂದರೆ, ಓದಿದ್ದನ್ನೇ ಮತ್ತೆ ಓದಿಸುವ ಕೆಲಸ ಎಲ್ಲಕ್ಕಿಂತ ಒಳ್ಳೆಯದು. ನೆರೆಹೊರೆಯ ಹೈಸ್ಕೂಲು ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಸಂಜೆ ಒಂದು ಗಂಟೆ ಹೇಳಿಕೊಟ್ಟರೆ ಕೈಗೆ ನಾಲ್ಕು ಕಾಸು ಸಿಗುತ್ತದೆ, ಮುಂದಿನ ಸ್ಪರ್ಧಾತ್ಮಕ ಪರೀಕ್ಷೆಗೂ ಬುನಾದಿ ಗಟ್ಟಿಯಾಗುತ್ತದೆ. ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಬಂದರೆ ಪ್ರಬಂಧ, ಅರ್ಜಿಗಳ ಕೆಲಸ ರೂಮಿನಲ್ಲೇ ಮಾಡಬಹುದು. ರಾತ್ರಿ ತಡವಾಗಿ ಮರಳಬೇಕಾದ ಕೆಲಸ ಒಪ್ಪಿಕೊಳ್ಳಬೇಡಿ, ಪರೀಕ್ಷೆಯ ತಿಂಗಳು ರಜೆ ಬೇಕೆಂಬುದನ್ನು ಮೊದಲ ದಿನವೇ ಹೇಳಿಬಿಡಿ.