ಕಲಾವಿದರನ್ನು ಕೊನೆಗೆ ಕರೆಯಬೇಡಿ

ಪ್ರಶ್ನೆ: ಜೌಗು ಪ್ರದೇಶವೊಂದರ ಬಗ್ಗೆ ನಮ್ಮ ತಂಡದ ಅಧ್ಯಯನ ಮುಗಿದಿದೆ. ವರದಿಯನ್ನು ಆಕರ್ಷಕಗೊಳಿಸಲು ಕಲಾವಿದರೊಬ್ಬರು ಬೇಕು. ಅವರನ್ನು ಹೇಗೆ ಆರಿಸಿಕೊಳ್ಳಬೇಕು?

ಉತ್ತರ: ಮತ್ತೆ ಮತ್ತೆ ಬರುವ ಈ ಪ್ರಶ್ನೆ ಪ್ರತಿ ಸಲವೂ ಅಧ್ಯಯನ ಮುಗಿದ ಮೇಲೆಯೇ ಬರುತ್ತದೆ ಎಂಬುದು ನನ್ನ ತಕರಾರು. ಅಂದದ ಮುಖಪುಟ ಬೇಕಿದ್ದರೆ ಪುಟವಿನ್ಯಾಸ ಮಾಡುವವರನ್ನು ಕೇಳಿ. ಅದನ್ನು ಸಹಯೋಗವೆಂದು ಕರೆಯಬೇಡಿ. ಸಹಯೋಗ ಎಂದರೇನೆಂಬುದಕ್ಕೆ ಒಂದು ಉದಾಹರಣೆ: ಕಲಾವಿದ ಮೆಲ್ ಚಿನ್ ಮತ್ತು ಕೃಷಿ ವಿಜ್ಞಾನಿ ರೂಫಸ್ ಚೇನಿ 1991ರಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದ ಕಲುಷಿತ ತ್ಯಾಜ್ಯಭೂಮಿಯೊಂದರಲ್ಲಿ ‘ರಿವೈವಲ್ ಫೀಲ್ಡ್’ ಎಂಬ ಪ್ರಯೋಗವನ್ನು ಆರಂಭಿಸಿದರು. ಕೆಲವು ಗಿಡಗಳು ಮಣ್ಣಿನಲ್ಲಿರುವ ಭಾರಲೋಹಗಳನ್ನು ಬೇರಿನಿಂದ ಹೀರಿ ಎಲೆ, ಕಾಂಡಗಳಲ್ಲಿ ಶೇಖರಿಸಿಕೊಳ್ಳುವುದರಿಂದ, ಅವನ್ನು ಬೆಳೆಸಿ ಕೊಯ್ದು ಸಾಗಿಸುತ್ತ ಹೋದರೆ ಮಣ್ಣು ಕ್ರಮೇಣ ಶುದ್ಧವಾಗಬಹುದು ಎಂಬುದು ಚೇನಿಯವರ ಪ್ರತಿಪಾದನೆಯಾಗಿತ್ತು. ಅದಕ್ಕೆ ಬೇಕಾಗಿದ್ದುದು ನಿಜವಾದ ಹೊಲದಲ್ಲಿ ಪರೀಕ್ಷೆ. ಕಲ್ಲಿನಿಂದ ಬೇಡದ್ದನ್ನು ಕೆತ್ತಿ ತೆಗೆಯುವಂತೆ ಮಣ್ಣಿನಿಂದ ವಿಷವನ್ನು ತೆಗೆಯುವುದೂ ಶಿಲ್ಪಕಲೆಯೇ ಎಂದು ಕಂಡ ಚಿನ್ ಆ ಹೊಲಕ್ಕಾಗಿ ಓಡಾಡಿದರು. ಸಾಸಿವೆ ಕುಟುಂಬಕ್ಕೆ ಸೇರಿದ ಆಲ್ಪೈನ್ ಪೆನ್ನಿಕ್ರೆಸ್ ಗಿಡ ಅಲ್ಲಿನ ಕ್ಯಾಡ್ಮಿಯಂ ಮತ್ತು ಸತುವನ್ನು ಹೀರಿಕೊಂಡಿತು. ಆ ಪ್ರಯೋಗಕ್ಕೆ ಅಲಂಕಾರ ಮಾಡಲು ಚಿನ್ ಬಂದವರಲ್ಲ. ಪ್ರಯೋಗವೇ ಅವರ ಕೃತಿಯಾಗಿತ್ತು.

ಆದ್ದರಿಂದ ಮುಂದಿನ ಸಲ ಏನನ್ನು ಅಳೆಯಬೇಕೆಂದು ನಿರ್ಧರಿಸುವ ಸಭೆಗೇ ಕಲಾವಿದರನ್ನು ಕರೆಯಿರಿ, ಕ್ಷೇತ್ರಕಾರ್ಯದ ದಿನಗಳಿಗೂ ಸಂಭಾವನೆ ಮೀಸಲಿಡಿ, ಅಂಕಿಅಂಶಗಳನ್ನು ಬಳಸುವಾಗ ಅವರಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಈಗ ಮುಗಿದಿರುವ ಅಧ್ಯಯನದ ಮಟ್ಟಿಗೆ, ಸಾರಾಂಶವನ್ನು ಕೈಗಿತ್ತು ಕಳಿಸದೆ ನಿಮ್ಮ ಕ್ಷೇತ್ರ ಟಿಪ್ಪಣಿಗಳನ್ನು ಓದಲು ಕೊಡಿ, ಅವರನ್ನು ಕೆಸರಿಗಿಳಿಸಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.

ಪ್ರಶ್ನೆ: ಹಳೆಯ ಟೈರುಗಳಿಂದ ಶಿಲ್ಪ ಮಾಡಿ ಕಡಲಿಗಿಳಿಸಿದರೆ ಹವಳ ಬೆಳೆಯುತ್ತದೆ ಎಂದು ಸಲಹೆಗಾರರೊಬ್ಬರು ಭರವಸೆ ಕೊಡುತ್ತಿದ್ದಾರೆ.

ಉತ್ತರ: ಅವರನ್ನು ದೂರವಿಡಿ. ಹವಳ, ಮೀನುಗಳು ನೆಲೆಸುವ ಕೃತಕ ದಿಬ್ಬವಾಗುತ್ತದೆಂದು 1970ರ ದಶಕದಲ್ಲಿ ಫ್ಲೋರಿಡಾದ ಕಡಲಲ್ಲಿ ಸುಮಾರು 20 ಲಕ್ಷ ಟೈರುಗಳನ್ನು ಮುಳುಗಿಸಿದರು. ಕಟ್ಟು ಕಳಚಿದ ಟೈರುಗಳು ಅಲೆಗಳೊಡನೆ ಹೊರಳಾಡಿ ಪಕ್ಕದ ಸಹಜ ಹವಳವನ್ನೇ ಉಜ್ಜಿ ಹಾಳುಮಾಡಿದವು. ಇಷ್ಟಾದ ಮೇಲೂ ಅದೇ ಸರಕನ್ನು ಕಲೆಯ ಹೆಸರಿನಲ್ಲಿ ಮಾರುವುದು ವಂಚನೆ.

ಪ್ರಶ್ನೆ: ಸಂಗೀತ ಕೇಳಿಸಿದರೆ ಕಾಡು ಬೇಗ ಬೆಳೆಯುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಧ್ವನಿ ಕಲಾಕೃತಿಗಾಗಿ ಹಕ್ಕಿಯ ಕೂಗನ್ನು ಗೂಡಿನ ಬಳಿ ನುಡಿಸಿ, ಅದರ ಉತ್ತರವನ್ನು ಮುದ್ರಿಸಿಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಎದುರಾಳಿ ಬಂದಿತೆಂದು ಭಾವಿಸುವ ಹಕ್ಕಿ ಮರಿಗಳಿಗೆ ಉಣಿಸುವುದನ್ನು ಬಿಟ್ಟು ಗಡಿ ಕಾಯಲು ನಿಲ್ಲುತ್ತದೆ. ಮೈಕ್ರೊಫೋನ್ ಇಟ್ಟು ದೂರ ಹೋಗಿ ಕಾಯಿರಿ. ಅದು ಕೂಗದಿದ್ದರೆ ಆ ಮೌನವನ್ನೇ ಮುದ್ರಿಸಿಕೊಂಡು ಬನ್ನಿ.