ಸ್ಲೀವ್ ಆಪರೇಷನ್ ಆದಮೇಲೆ ರೊಟ್ಟಿ ಯಾವಾಗ ತಿನ್ನಬಹುದು?

ಅಕ್ಕಾರ, ನೀವು ನಾಲ್ಕು ಮಾತು ಕೇಳಿದ್ದೀರಿ. ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಮೂರು ವಾರ ಆಯ್ತು, ರೊಟ್ಟಿ ಯಾವಾಗ ಶುರು ಮಾಡಬಹುದು? ನಾಲ್ಕು ಚಮಚ ತಿನ್ನುವುದರೊಳಗೆ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ, ಏನಾದರೂ ತೊಂದರೆಯೇ? ಅತ್ತೆಯವರು ಗಂಜಿ ಬಿಟ್ಟು ಬೇರೆ ಏನೂ ಕೊಡಲು ಒಪ್ಪುತ್ತಿಲ್ಲ. ಮತ್ತೆ, ಶ್ರಾವಣ ಸೋಮವಾರದ ಉಪವಾಸ ಹಿಡಿಯಬಹುದೇ? ನಾನು ಡಾಕ್ಟರ್ ಅಲ್ಲ, ಹುಬ್ಬಳ್ಳಿಯಲ್ಲಿ ವಿಮಾ ಏಜೆಂಟ್. ಇದೇ ಆಪರೇಷನ್ ನನಗೂ ಆಗಿ ಕೆಲವು ವರ್ಷ ಆದವು, ನಮ್ಮದೂ ಶುದ್ಧ ಸಸ್ಯಾಹಾರದ ಮನೆ. ನಿಮ್ಮ ಸರ್ಜನ್ ಬರೆದುಕೊಟ್ಟ ಚೀಟಿಗೂ ನನ್ನ ಮಾತಿಗೂ ತಾಳೆಯಾಗದಿದ್ದರೆ ಚೀಟಿಯನ್ನೇ ನಂಬಿ.

ರೊಟ್ಟಿಗೆ ಇನ್ನೂ ಟೈಮ್ ಇದೆ. ಮೊದಲ ಎರಡು ವಾರ ನೀರಾದ ಪದಾರ್ಥ, ಆಮೇಲೆ ಎರಡು ವಾರ ಮಿಕ್ಸರ್‌ಗೆ ಹಾಕಿ ನುಣ್ಣಗೆ ಮಾಡಿದ್ದು, ಅಲ್ಲಿಂದ ಆರರಿಂದ ಎಂಟನೇ ವಾರದವರೆಗೆ ಚಮಚದಲ್ಲಿ ಒತ್ತಿದರೆ ಮುರಿಯುವಂಥ ಮೆತ್ತನೆಯ ಊಟ, ಅದಾದಮೇಲೆ ಮನೆಯ ಊಟ. ಹೆಚ್ಚುಕಡಿಮೆ ಎಲ್ಲ ಕಡೆ ಕ್ರಮ ಹೀಗೇ ಇರುತ್ತದೆ. ಈ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಷ್ಟು ದಪ್ಪದ ಒಂದು ನಳಿಗೆ, ಅದರ ಅಂಚಿಗೆ ಉದ್ದಕ್ಕೂ ಪಿನ್ ಹೊಡೆದಿರುತ್ತಾರೆ. ಆ ಅಂಚು ಕೂಡಬೇಕು, ಒಳಗಿನ ಬಾವು ಇಳಿಯಬೇಕು. ವಾರಗಳ ಲೆಕ್ಕ ಇಟ್ಟಿರುವುದು ಅದಕ್ಕೇ. ಹೊರಗಿನ ಗಾಯ ಒಣಗಿತು ಅಂತ ಒಳಗೂ ಒಣಗಿದೆ ಅಂದುಕೊಳ್ಳಬೇಡಿ.

ಟೈಮ್ ಬಂದಮೇಲೂ ಚಪಾತಿಯಿಂದ ಶುರು ಮಾಡಬೇಡಿ. ಚಪಾತಿ ಮೆತ್ತಗಿರುತ್ತದೆ, ರೊಟ್ಟಿ ಬಿರುಸು, ಹಾಗಾಗಿ ಮೊದಲು ಚಪಾತಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆದದ್ದು ಉಲ್ಟಾ. ಗೋಧಿ ಹಿಟ್ಟಿನ ಜಿಗುಟು ಒಳಗೆ ಹೋಗಿ ಮುದ್ದೆಯಾಗಿ ನಿಲ್ಲುತ್ತದೆ. ಬ್ರೆಡ್ಡು, ಗಟ್ಟಿ ಅನ್ನ ಕೂಡ ಹಾಗೇ. ಜೋಳದಲ್ಲಿ ಆ ಜಿಗುಟು ಇಲ್ಲ, ನೆನೆದರೆ ಪುಡಿಪುಡಿಯಾಗುತ್ತದೆ. ಕಡಕ್ ರೊಟ್ಟಿಯ ಒಂದು ಚೂರು ತಗೊಂಡು, ಕೈಯಲ್ಲೇ ಪುಡಿ ಮಾಡಿ, ಬಿಸಿ ಬ್ಯಾಳಿ ಸಾರಿನಲ್ಲಿ ಹಾಕಿ, ಮೇಲೊಂದು ತಾಟು ಮುಚ್ಚಿ ಹತ್ತು ನಿಮಿಷ ಬಿಡಿ. ಅದು ಉಬ್ಬಿ ನುಚ್ಚಿನ ಹದಕ್ಕೆ ಬರುತ್ತದೆ. ಟೀ ಚಮಚದಲ್ಲಿ ತಿನ್ನಿ, ದೊಡ್ಡ ಚಮಚ ಬೇಡ. ಖಾರ ಕಡಿಮೆ ಮಾಡಿ ಕುಟ್ಟಿದ ಮುಟಗಿ (ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದ ಜೊತೆ ಕುಟ್ಟಿ ಮಾಡುವುದು) ನನಗೆ ಸೇರಿದ್ದು ಇನ್ನೂ ಸ್ವಲ್ಪ ದಿನ ಕಳೆದಮೇಲೆ.

ಆದರೆ ಕಾಲು ರೊಟ್ಟಿಗೇ ಹೊಟ್ಟೆ ತುಂಬುತ್ತದೆ, ಆಮೇಲೆ ಕಾಳುಪಲ್ಯಕ್ಕೆ ಜಾಗ ಎಲ್ಲಿ? ರೊಟ್ಟಿಯ ನಿಜವಾದ ತಂಟೆ ಇದೇ. ರೊಟ್ಟಿ ತಿಂದರೆ ಕೆಡುಕಿಲ್ಲ, ಅದು ಪ್ರೋಟೀನಿನ ಜಾಗ ತಿನ್ನುತ್ತದೆ. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಬೇಕು. ಹೋಗದಿದ್ದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ. ಮೂರನೇ ತಿಂಗಳಿನ ಹೊತ್ತಿಗೆ ಕೂದಲು ಉದುರುವುದು ಶುರುವಾಗುತ್ತದೆ. ಅದು ತೂಕ ಸರ್ರನೆ ಇಳಿದದ್ದಕ್ಕೆ ಬಹಳ ಜನರಿಗೆ ಆಗುವಂಥದ್ದು, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ, ಆದರೆ ಪ್ರೋಟೀನ್, ಕಬ್ಬಿಣ ಕಡಿಮೆಯಿದ್ದರೆ ಇನ್ನೂ ಜಾಸ್ತಿ ಉದುರುತ್ತದೆ.

ಈಗ ಅತ್ತೆಯವರ ಗಂಜಿ. ಆಪರೇಷನ್ ಆದವರಿಗೆ ಗಂಜಿ ಅನ್ನುವುದು ನಮ್ಮ ಕಡೆ ಶಾಸ್ತ್ರದ ಹಾಗೆ ಬಂದುಬಿಟ್ಟಿದೆ. ಒಂದು ವಾಟಿ ಅಕ್ಕಿ ಗಂಜಿಯಲ್ಲಿ ಪ್ರೋಟೀನ್ ಒಂದೆರಡು ಗ್ರಾಂ ಸಿಕ್ಕರೆ ಹೆಚ್ಚು. ಅದನ್ನೇ ದಿನಕ್ಕೆ ಐದು ಸಲ ಕುಡಿದರೆ ಹೊಟ್ಟೆ ತುಂಬಿರುತ್ತದೆ, ಮೈ ಬಡವಾಗುತ್ತದೆ. ಅವರ ಜೊತೆ ಜಗಳ ಬೇಡ, ಗಂಜಿ ಅನ್ನುವ ಹೆಸರು ಇರಲಿ, ಒಳಗಿನ ಸಾಮಾನು ಬದಲಾಗಲಿ. ಹೆಸರು ಬ್ಯಾಳಿಯನ್ನು ಮೆತ್ತಗೆ ಬೇಯಿಸಿ, ಕಡೆದು, ಜೀರಿಗೆ ಹಾಕಿ ಗಂಜಿಯ ಹದಕ್ಕೆ ತಂದರೆ ಅವರಿಗೂ ಸಮಾಧಾನ. ಒಣ ಬ್ಯಾಳಿ 25 ಗ್ರಾಂ ಹಾಕಿದರೆ 6 ಗ್ರಾಂ ಪ್ರೋಟೀನ್. ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಶ್ರೀಖಂಡಕ್ಕೆ ಮಾಡುತ್ತಾರಲ್ಲ, ಆ ಚಕ್ಕಾ, ಸಕ್ಕರೆ ಹಾಕದೆ. ಬರೀ ಮೊಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನ್ ಅದೇ ಜಾಗದಲ್ಲಿ ಕೂರುತ್ತದೆ. ಪನೀರ್ 100 ಗ್ರಾಂಗೆ 18ರ ಆಸುಪಾಸು, ಮೆತ್ತನೆಯ ಊಟದ ಹಂತಕ್ಕೆ ಬಂದಮೇಲೆ ಮನೆಯಲ್ಲೇ ಹಾಲು ಒಡೆದು ಮಾಡಿದ್ದಾದರೆ ಮಿದುವಾಗಿರುತ್ತದೆ. ಇಷ್ಟಾದರೂ ಮೊದಲ ತಿಂಗಳುಗಳಲ್ಲಿ 60 ಮುಟ್ಟುವುದು ಕಷ್ಟ, ಡಾಕ್ಟರ್ ಹೇಳಿದ ಪ್ರೋಟೀನ್ ಪೌಡರ್ ಬೇಕೇ ಬೇಕು. ಅದನ್ನು ಬಿಸಿ ಹಾಲಿಗೆ ಹಾಕಿದರೆ ಗಂಟಾಗುತ್ತದೆ. ತಣ್ಣನೆಯ ಹಾಲಿನಲ್ಲಿ ಕದಡಿ.

ಮೆತ್ತನೆಯ ಊಟದ ಹಂತಕ್ಕೆ ಝುಣಕದಂಥದ್ದು ಮತ್ತೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಡಲಿ ಹಿಟ್ಟು, ನೀರು ಸ್ವಲ್ಪ ಹೆಚ್ಚು, ಎಣ್ಣೆ ಕಡಿಮೆ, ಉಳ್ಳಾಗಡ್ಡಿ ಪೂರ್ತಿ ಕರಗುವಷ್ಟು ಬೆಂದಿರಬೇಕು. ಗಟ್ಟಿ ಮಾಡಿದ ಝುಣಕದ ವಡಿ ಬೇಡ, ಚಮಚದಿಂದ ಜಾರುವ ಹದ ಇರಲಿ. ರೊಟ್ಟಿಗೆ ಹಚ್ಚಿಕೊಳ್ಳಲು ಅಂತ ಹುಟ್ಟಿದ ಪದಾರ್ಥವನ್ನು ರೊಟ್ಟಿಯಿಲ್ಲದೆ ತಿನ್ನುವುದು ಮೊದಮೊದಲು ವಿಚಿತ್ರ ಅನಿಸುತ್ತದೆ, ಅಷ್ಟೇ.

ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುವುದು ಬಹಳ ಮಟ್ಟಿಗೆ ಗಡಿಬಿಡಿಯಿಂದ. ಹೊಸ ಹೊಟ್ಟೆ ತುಂಬಿದ್ದು ಹೊಕ್ಕುಳದ ಹತ್ತಿರ ಗೊತ್ತಾಗುವುದಿಲ್ಲ, ಎದೆಗೂಡಿನ ನಡುವೆ ಒತ್ತಿದಂತಾಗಿ ಗೊತ್ತಾಗುತ್ತದೆ. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ. ನನಗೆ ಸೀನು. ಸೀನು ಬಂತು ಅಂದರೆ ಚಮಚ ಕೆಳಗಿಡಬೇಕು, ಅದರ ಮೇಲೆ ಇನ್ನೊಂದು ತುತ್ತು ಹಾಕಿದರೆ ಬಾಯಿ ತುಂಬ ನೊರೆ ಬಂದು ಎಲ್ಲ ಹೊರಗೆ. ಒಂದು ಸಣ್ಣ ಚಮಚ ಬಾಯಿಗಿಟ್ಟು, ಚಮಚ ಕೆಳಗಿಟ್ಟು, ಅದು ಇಳಿದಮೇಲೆ ಮುಂದಿನದು. ಅರ್ಧ ವಾಟಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಊಟದ ಜೊತೆ ನೀರು ಬೇಡ, ಊಟ ಆದಮೇಲೆ ಅರ್ಧ ತಾಸು ಬಿಟ್ಟು ಕುಡಿಯಿರಿ. ಇನ್ನೊಂದು ಮಾತು ನಮ್ಮ ಕಡೆಯವರಿಗೇ ಹೇಳಬೇಕಾದದ್ದು: ತಂಬಿಗೆ ಎತ್ತಿ ಗಟಗಟ ಕುಡಿಯುವುದನ್ನು ಬಿಡಿ. ನೀರಿಗಿಂತ ಗಾಳಿಯೇ ಹೆಚ್ಚು ಒಳಗೆ ಹೋಗಿ ಎದೆ ಬಿಗಿಯುತ್ತದೆ. ಲೋಟಕ್ಕೆ ತುಟಿ ಹಚ್ಚಿ ಗುಟುಕು ಗುಟುಕಾಗಿ, ದಿನಕ್ಕೆ ಒಂದೂವರೆ ಎರಡು ಲೀಟರ್ ಆಗುವವರೆಗೆ. ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆ ತಿರುಗುವಾಗ ಬಾಟಲಿ ಸದಾ ನನ್ನ ಕೈಯಲ್ಲೇ ಇರುತ್ತದೆ.

ಆದರೆ ಎಲ್ಲವನ್ನೂ ಗಡಿಬಿಡಿಯ ಲೆಕ್ಕಕ್ಕೆ ಹಾಕಬೇಡಿ. ಜ್ವರ, ಸುಮ್ಮನೆ ಕೂತಾಗಲೂ ಎದೆಬಡಿತ ನಿಮಿಷಕ್ಕೆ 120ರ ಹತ್ತಿರ, ಹೊಟ್ಟೆಯಲ್ಲಿ ಅಥವಾ ಎಡ ಭುಜದಲ್ಲಿ ತಡೆಯಲಾರದ ನೋವು, ಉಸಿರಾಟಕ್ಕೆ ಕಷ್ಟ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವುಗಳಲ್ಲಿ ಯಾವುದೇ ಆದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಗುಟುಕು ನೀರೂ ನಿಲ್ಲದೆ ಒಂದು ದಿನ ಪೂರ್ತಿ ವಾಂತಿಯಾದರೂ ಹಾಗೇ.

ವಾಂತಿಯ ಬಗ್ಗೆ ಇನ್ನೊಂದು. ಸುಸ್ತಾದರೆ ಓಣಿಯ ಡಾಕ್ಟರ ಹತ್ತಿರ ಹೋಗಿ ಒಂದು ಸಲಾಯಿನ್ ಹಚ್ಚಿಸಿಕೊಂಡು ಬರುವುದು ನಮ್ಮ ಕಡೆ ರೂಢಿ. ಈ ಆಪರೇಷನ್ ಆದವರಿಗೆ ವಾಂತಿ ದಿನಗಟ್ಟಲೆ ನಡೆದರೆ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಖಾಲಿಯಾಗಿರುತ್ತದೆ. ಅಂಥ ಹೊತ್ತಿನಲ್ಲಿ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುವುದು, ನಡೆದರೆ ತೂರಾಡುವುದು, ಮರೆವು, ಇವು ಅದರ ಗುರುತು. ಹಾಗಾಗಿ ಯಾವ ಡಾಕ್ಟರ ಮುಂದೆ ಕೂತರೂ ಮೊದಲ ಮಾತೇ 'ನನಗೆ ಸ್ಲೀವ್ ಆಪರೇಷನ್ ಆಗೇತ್ರಿ' ಅಂತಿರಲಿ, ಬಿ1 ಕೇಳಿ. ಆಪರೇಷನ್ನಿನ ಕಾಗದ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ನೋವಿನ ಗುಳಿಗೆಗಳನ್ನೂ ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗಬೇಡಿ, ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದವು ಜಠರದಲ್ಲಿ ಹುಣ್ಣು ಮಾಡುತ್ತವೆ. ಸಕ್ಕರೆ ಕಾಯಿಲೆ, ಬಿಪಿಗೆ ಮೊದಲಿನಿಂದ ಮಾತ್ರೆ ಇದ್ದರೆ ಹಳೆಯ ಡೋಸು ಈಗ ಬೇಕಾದದ್ದಕ್ಕಿಂತ ಹೆಚ್ಚಾಗಬಹುದು, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ.

ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಗಿಂತ ಹೆಚ್ಚು ಕಾಡಿದ್ದು ಜನರ ಪ್ರೀತಿ. ನನ್ನ ಕೆಲಸ ಮನೆ ಮನೆ ತಿರುಗುವುದು. ಕುಂದಗೋಳದ ಕಡೆ ಒಂದು ಮನೆಗೆ ಹೋದರೆ ಚಹಾ, ಚುನಮರಿ (ಮಂಡಕ್ಕಿ), ಮೇಲೊಂದು ಉಂಡಿ. ಬೇಡ ಅಂದರೆ 'ಯಾಕ್ರೀ, ನಮ್ಮನಿ ನೀರು ಸೈತ ಆಗಿಬರೂದಿಲ್ಲೇನು?' ಅನ್ನುತ್ತಾರೆ. ಡಯಟ್ ಮಾಡುತ್ತಿದ್ದೇನೆ ಅಂದರೆ ನಗುತ್ತಾರೆ, ಇನ್ನೂ ಒಂದು ಉಂಡಿ ಇಡುತ್ತಾರೆ. 'ಹೊಟ್ಟಿ ಆಪರೇಷನ್ ಆಗೇತ್ರಿ, ಡಾಕ್ಟರು ಬೈತಾರ' ಅಂದರೆ ತಕ್ಷಣ ತಾಟು ಹಿಂದೆ ಹೋಗುತ್ತದೆ, 'ಹಂಗಾರ ಮಜ್ಜಿಗಿ ಕುಡೀರಿ' ಅನ್ನುತ್ತಾರೆ. ಮಜ್ಜಿಗೆ ನಮಗೆ ಒಳ್ಳೆಯದೇ. ಲೋಟ ಕೈಯಲ್ಲಿ ಹಿಡಿದು ಮಾತು ಮುಗಿಯುವವರೆಗೆ ಗುಟುಕರಿಸುತ್ತಿದ್ದರೆ ಯಾರೂ ಮತ್ತೇನೂ ಕೇಳುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂರಲೇಬೇಡಿ, ಹೋಳಗಿ ಬಡಿಸುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಅಕ್ಕಿಕಾಳು ಹಾಕಿ, ಮಾತಾಡಿಸಿ, ಮನೆಗೆ ಬಂದು ಉಣ್ಣಿ. ಮೈ ಇಳಿದಮೇಲೆ 'ಭಾಳ ಸೊರಗೀರಲ್ಲ, ಸಕ್ಕರಿ ಬ್ಯಾನಿ ಏನ್ರಿ?' ಅಂತ ಕೇಳುವವರೂ ಸಿಗುತ್ತಾರೆ. ಉತ್ತರ ಕೊಡಲೇಬೇಕು ಅಂತೇನಿಲ್ಲ.

ಮೊದಲ ಕೆಲವು ತಿಂಗಳು ಹಸಿವೇ ಆಗುವುದಿಲ್ಲ, ಯಾಕಂದರೆ ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೇ ಕತ್ತರಿಸಿದ್ದರಲ್ಲಿ ಹೋಗಿರುತ್ತದೆ. ಆಗ ಗಡಿಯಾರ ನೋಡಿ ತಿನ್ನಬೇಕು. ವರ್ಷದ ಮೇಲೆ ಹಸಿವು ನಿಧಾನಕ್ಕೆ ತಿರುಗಿ ಬರುತ್ತದೆ. ಎಚ್ಚರ ಬೇಕಾದದ್ದು ಆಗ. ಗಿರ್ಮಿಟ್, ಚುನಮರಿ, ಬಿಸ್ಕೀಟು, ಪೇಡೆ, ಇವು ನಳಿಗೆಯಲ್ಲಿ ನಿಲ್ಲುವುದೇ ಇಲ್ಲ, ಸರಸರ ಜಾರುತ್ತವೆ, ಹೊಟ್ಟೆ ತುಂಬಿದ ಗುರುತೂ ಕೊಡುವುದಿಲ್ಲ. ಎರಡು ತುತ್ತು ಪನೀರಿಗೆ ಸಾಕಪ್ಪಾ ಅನ್ನುವ ಹೊಟ್ಟೆ ಒಂದು ತಾಟು ಚುನಮರಿಗೆ ಹೂಂ ಅನ್ನುತ್ತದೆ. ತೂಕ ತಿರುಗಿ ಏರಿದ ಬಹಳ ಮಂದಿಯ ಕಥೆ ಸಂಜೆಯ ಇಂಥ ತಿಂಡಿಯಲ್ಲೇ ಇರುತ್ತದೆ.

ಮಾತ್ರೆಗಳು ಜೀವನಪೂರ್ತಿ: ಮಲ್ಟಿವಿಟಮಿನ್, ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ಹೀರಲು ಬಿಡುವುದಿಲ್ಲ, ನಡುವೆ ಎರಡು ತಾಸು ಬಿಡಿ. ಕಬ್ಬಿಣದ ಗುಳಿಗೆಯ ಹಿಂದೆ ಮುಂದೆ ಚಹಾ ಬೇಡ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವರಿಗೆ ಕಬ್ಬಿಣ ಇನ್ನೂ ಹೆಚ್ಚು ಬೇಕಾಗುತ್ತದೆ. ಮೊದಲ ವರ್ಷ ಡಾಕ್ಟರ್ ಹೇಳಿದಾಗೆಲ್ಲ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಶ್ರಾವಣ ಸೋಮವಾರ: ಈ ವರ್ಷ ನಿರಾಹಾರ ಬೇಡ, ನೀರೂ ಬಿಡುವ ಉಪವಾಸವಂತೂ ಬೇಡವೇ ಬೇಡ. ಒಪ್ಪತ್ತು ಅಂದರೂ ನಮ್ಮ ಹೊಟ್ಟೆಗೆ ಕೂಡುವುದಿಲ್ಲ, ಒಂದೇ ಹೊತ್ತಿನಲ್ಲಿ ದಿನದ ಪ್ರೋಟೀನ್ ಹಿಡಿಸುವಷ್ಟು ಜಾಗ ಅಲ್ಲಿಲ್ಲ. ಸಾಬುದಾಣಿ ಖಿಚಡಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಅಂಟಂಟು, ನಿಮ್ಮ ಮೂರನೇ ವಾರಕ್ಕಂತೂ ಅಲ್ಲವೇ ಅಲ್ಲ. ಆದರೆ ಹಾಲು, ಮಜ್ಜಿಗೆ, ಚಕ್ಕಾ ನಿಮ್ಮ ಮನೆಯ ಉಪವಾಸಕ್ಕೆ ನಡೆಯುವುದಾದರೆ ದಾರಿ ಇದೆ. ಸೋಮವಾರ ಅವನ್ನಷ್ಟೇ ಎರಡು ಮೂರು ತಾಸಿಗೊಮ್ಮೆ ತಗೊಳ್ಳಿ. ಅತ್ತೆಯವರ ಕಣ್ಣಿಗೆ ಉಪವಾಸ ಮುರಿದಂತಾಗುವುದಿಲ್ಲ, ನಿಮ್ಮ ಊಟದ ಕ್ರಮವೂ ತಪ್ಪುವುದಿಲ್ಲ. ಪೌಡರನ್ನು ಅದೇ ಹಾಲಿಗೆ ಹಾಕಿ, ಮಾತ್ರೆಗಳನ್ನು ಎಂದಿನಂತೆ ನುಂಗಿ.