ನಾನು ಗರ್ಭಿಣಿ. ಡಬಲ್ ಮಾರ್ಕರ್ ರಕ್ತಪರೀಕ್ಷೆಯ ವರದಿಯಲ್ಲಿ ‘ಡೌನ್ ಸಿಂಡ್ರೋಮ್ 1:190, ಹೈ ರಿಸ್ಕ್’ ಎಂದು ಬಂದಿದೆ. ಈ ಅಂಕಿ ನೋಡಿ ಏನು ತೀರ್ಮಾನ ಮಾಡಲಿ?

ಆರು ವರ್ಷದ ಹಿಂದೆ ಇಂಥದ್ದೇ ಕಾಗದ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದೇನೆ. ನನ್ನದು 1:160, ಕೆಂಪು ಅಕ್ಷರದಲ್ಲಿ. ಜೊತೆಗೆ ಬಂದಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿ, ‘ನೂರ ಅರವತ್ತರಲ್ಲಿ ಒಂದು ಮಗುವಿಗೆ ಅಂತ ತಾನೆ? ಉಳಿದ ನೂರ ಐವತ್ತೊಂಬತ್ತು?’ ಎಂದರು. ಓದಿದ್ದು ಏಳನೆಯ ತರಗತಿ; ಆದರೆ ಇಪ್ಪತ್ತು ವರ್ಷ ಚೀಟಿ ನಡೆಸಿದವರು, ಲೆಕ್ಕದಲ್ಲಿ ಮೋಸಹೋಗುವುದಿಲ್ಲ.

ನಿಮ್ಮ 1:190 ಎಂದರೆ ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ವರ್ಣತಂತು ವ್ಯತ್ಯಾಸ) ಇರುವ ಸಾಧ್ಯತೆ ಶೇಕಡ 0.5ರಷ್ಟು. ಅನೇಕ ಲ್ಯಾಬ್‌ಗಳು 1:250ಕ್ಕೆ ಗೆರೆ ಎಳೆದಿರುತ್ತವೆ. 1:240 ಬಂದವಳಿಗೆ ಕೆಂಪು, 1:260 ಬಂದವಳಿಗೆ ಹಸಿರು. ಅಪಾಯದಲ್ಲಿ ಇಬ್ಬರಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಇದು ರೋಗ ಪತ್ತೆಯಲ್ಲ, ಜರಡಿ ಹಿಡಿಯುವ ಪರೀಕ್ಷೆ.

ಮೊದಲು ಆ ಅಂಕಿ ಹುಟ್ಟಿದ್ದು ಯಾವುದರಿಂದ ಎಂದು ನೋಡಿ. ತಾಯಿಯ ವಯಸ್ಸು ಅದರಲ್ಲಿ ಸೇರಿದೆ: 25ರ ತಾಯಿಗೆ ಸುಮಾರು 1250ಕ್ಕೆ ಒಂದು, 35ರವಳಿಗೆ ಸುಮಾರು 350ಕ್ಕೆ ಒಂದು ಎಂದೇ ಲೆಕ್ಕ ಶುರುವಾಗುತ್ತದೆ. ತೂಕ, ಸ್ಕ್ಯಾನಿನಲ್ಲಿ ಅಳೆದ ಮಗುವಿನ ಕತ್ತಿನ ಹಿಂಭಾಗದ ನೀರಿನ ಪದರ, ರಕ್ತದ ಎರಡು ಅಂಶಗಳೂ ಸೇರುತ್ತವೆ. ಆ ಎರಡರಲ್ಲಿ ಪ್ಯಾಪ್-ಎ ವಾರವಾರಕ್ಕೆ ಏರುತ್ತದೆ, ಬೀಟಾ ಎಚ್‌ಸಿಜಿ ಈ ಹೊತ್ತಿಗೆ ಇಳಿಯುತ್ತಿರುತ್ತದೆ. ಹಾಗಾಗಿ ಗರ್ಭಕ್ಕೆ ಎಷ್ಟು ವಾರ ಎಂಬ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪಿದಂತೆ. ನನಗೆ ಮುಟ್ಟಾಗುತ್ತಿದ್ದುದೇ 38, 40 ದಿನಕ್ಕೊಮ್ಮೆ. ಲ್ಯಾಬಿನವರು ಕೊನೆಯ ಮುಟ್ಟಿನ ತಾರೀಕು ಹಿಡಿದು 13 ವಾರ 1 ದಿನ ಎಂದು ಬರೆದಿದ್ದರು. ಸ್ಕ್ಯಾನಿನಲ್ಲಿ ಮಗುವಿನ ಉದ್ದ ಹೇಳುತ್ತಿದ್ದುದು 11 ವಾರ 6 ದಿನ. ಸರಿಯಾದ ವಾರ ಹಾಕಿ ಮತ್ತೆ ಲೆಕ್ಕ ಮಾಡಿದಾಗ 1:1100 ಬಂತು. ರಕ್ತ ಅದೇ, ಮಗುವೂ ಅದೇ.

ನಿಮ್ಮ ವರದಿಯಲ್ಲಿ ವಾರ ಸರಿಯಾಗಿಯೇ ಇದ್ದರೆ ಮುಂದಿನದು ಎನ್‌ಐಪಿಟಿ ಎಂಬ ಡಿಎನ್‌ಎ ಪರೀಕ್ಷೆ. ತಾಯಿಯ ರಕ್ತದಿಂದಲೇ ಮಾಡುತ್ತಾರೆ, ದುಬಾರಿ. ಡಬಲ್ ಮಾರ್ಕರ್‌ಗಿಂತ ಬಹಳ ನಿಖರ, ಆದರೂ ಅದೂ ಜರಡಿಯೇ. ಖಚಿತವಾಗುವುದು ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್‌ನಿಂದ. ಅದನ್ನು 15 ವಾರದ ನಂತರ ಮಾಡುತ್ತಾರೆ. ಗರ್ಭ ಹೋಗುವ ಸಣ್ಣ ಅಪಾಯವಿದೆ.

ಇಲ್ಲಿಂದಾಚೆ ಅಂಕಿಯನ್ನು ಕೇಳಿ ಪ್ರಯೋಜನವಿಲ್ಲ. ನನ್ನ ನಾದಿನಿಗೂ ಕೆಂಪು ಅಕ್ಷರವೇ ಬಂದಿತ್ತು; ‘ಹೇಗಿದ್ದರೂ ನನ್ನ ಮಗುವೇ’ ಎಂದು ಸೂಜಿ ಬೇಡವೆಂದಳು. ನಾನಾಗಿದ್ದರೆ ಮಾಡಿಸುತ್ತಿದ್ದೆ, ತಿಳಿಯದೆ ಐದು ತಿಂಗಳು ಕಾಯುವ ಎದೆ ನನಗಿಲ್ಲ. ಅವಳು ತಪ್ಪು ಮಾಡಿದಳು ಎಂದು ಮಾತ್ರ ನಾನು ಹೇಳಲಾರೆ.

ವೈದ್ಯರ ಬಳಿ ಹೋಗುವಾಗ ಸ್ಕ್ಯಾನ್ ವರದಿಯನ್ನೂ ಒಯ್ಯಿರಿ. ನಾನು ಮನೆಯಲ್ಲೇ ಬಿಟ್ಟು ಹೋಗಿ ಎರಡು ಸಲ ಅಲೆದೆ.